ಒಡೆಯನಿಲ್ಲದ ದಿನಗಳಲ್ಲಿ ಕುದುರೆ

(ಬಾನುಲಿ ಭಾಷಣ)

ಕಿತ್ತೂರಿನ ಹೆಸರೆತ್ತಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕುದುರೆಯನ್ನೇರಿ ಖಡ್ಗವನ್ನೆತ್ತಿದ ರಾಣಿ ಚೆನ್ನಮ್ಮನ ಮೂರ್ತಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ಕೋಟೆಯ ಮುಂದೆ ಮಡಿದನು. ಅವನೊಡನೆ ಬಂದಿದ್ದ ತೋಪುಗಳನ್ನು ಎಳೆದು ತಂದವೂ ಕುದುರೆಗಳೇ. 1829ರ ಫೆಬ್ರವರಿಯಲ್ಲಿ ರಾಣಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ಇತಿಹಾಸವು ರಾವುತರ ಹೆಸರನ್ನು ಬರೆದಿಡುತ್ತದೆ. ಲಾಯದಲ್ಲಿ ಕುಳಿತು ಹುರುಳಿ ಬೇಯಿಸಿದವನ ಹೆಸರನ್ನು ಬರೆದಿಡುವುದಿಲ್ಲ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಎರಡನೆಯವನ ಕೆಲಸವನ್ನು ಕುರಿತು.

ಟಾಂಗಾಗಳು ನಮ್ಮ ಊರುಗಳ ನಿಲ್ದಾಣಗಳ ಮುಂದಿನಿಂದ ಬಹುಮಟ್ಟಿಗೆ ಮರೆಯಾಗಿವೆ. ಆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕುದುರೆ ಪೂರ್ತಿಯಾಗಿ ಇಲ್ಲವಾಗಿಲ್ಲ. ಮದುವೆಯ ಮೆರವಣಿಗೆಗೆಂದು ಸಾಕಿದವು ಇವೆ, ಜಾತ್ರೆಯ ಗಾಡಿ ಶರ್ಯತ್ತಿಗೆಂದು ಸಾಕಿದವು ಇವೆ, ಹಿರಿಯರ ಕಾಲದಿಂದ ಅಂಗಳದಲ್ಲಿ ಒಂದು ಕುದುರೆ ಇರಲೇಬೇಕೆಂಬ ಅಭಿಮಾನದಿಂದ ಉಳಿದುಬಂದವೂ ಇವೆ. ಇವುಗಳ ಒಡೆಯ ಹದಿನೈದು ದಿನ ಊರು ಬಿಡಬೇಕಾಗುತ್ತದೆ. ಯಾತ್ರೆಯಿರಬಹುದು, ಮಗಳ ಬಾಣಂತನವಿರಬಹುದು, ಪುಣೆಯ ಆಸ್ಪತ್ರೆಯಿರಬಹುದು. ಕುದುರೆಯನ್ನು ತಮ್ಮನಿಗೋ ಆಳಿಗೋ ಒಪ್ಪಿಸಿ, “ಚೆನ್ನಾಗಿ ನೋಡಿಕೋ” ಎಂದು ಹೇಳಿ ಅವನು ಬಸ್ಸು ಹತ್ತುತ್ತಾನೆ. ಅಪಾಯವಿರುವುದು ಈ “ಚೆನ್ನಾಗಿ” ಎಂಬ ಒಂದು ಮಾತಿನಲ್ಲಿಯೇ.

ಒಡೆಯನಿಲ್ಲದಾಗ ಕುದುರೆ ಕೆಡುತ್ತದೆಂಬುದು ಬಹಳ ಹಳೆಯ ತಿಳಿವಳಿಕೆ. ಗ್ರೀಕರ ಝೆನೋಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾನೆ: ಕುದುರೆಯನ್ನು ಬೇಗ ಮೈದುಂಬಿಸುವುದು ಯಾವುದೆಂದು ಪಾರಸಿಕ ದೊರೆಯೊಬ್ಬ ಕೇಳಿದಾಗ, ಬಲ್ಲವನೊಬ್ಬ ಒಡೆಯನ ಕಣ್ಣು ಎಂದನಂತೆ. ನಮ್ಮ ಕೌಟಿಲ್ಯನಿಗೂ ಇದು ಗೊತ್ತಿತ್ತು. ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಹೊಣೆಗಳನ್ನು ಹೇಳುವಾಗ ಅವನು ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು ಇವನ್ನು ಬರೆದಿಡಬೇಕೆಂದು ವಿಧಿಸುತ್ತಾನೆ. ಕೊಂಡದ್ದು, ಯುದ್ಧದಲ್ಲಿ ಸಿಕ್ಕಿದ್ದು, ಲಾಯದಲ್ಲೇ ಹುಟ್ಟಿದ್ದು ಎಂಬ ಪಟ್ಟಿಯ ಕೊನೆಗೆ ಸ್ವಲ್ಪ ಕಾಲಕ್ಕೆಂದು ಒಪ್ಪಿಸಿಹೋದ ಕುದುರೆಯನ್ನೂ ಅವನು ಮರೆಯದೆ ಸೇರಿಸಿದ್ದಾನೆ. ಆಹಾರದ ಅಳತೆಯನ್ನೂ ಉತ್ತಮ, ಮಧ್ಯಮ, ಅಧಮ ಎಂದು ವಿಂಗಡಿಸಿ ಬರೆದಿದ್ದಾನೆ. ಕಾಯುವವನು ಕದ್ದು ಕುದುರೆಯನ್ನು ಉಪವಾಸ ಕೆಡವಿಯಾನು ಎಂಬುದು ಹಿಂದಿನವರ ಮುಖ್ಯ ಸಂಶಯ. ಝೆನೋಫನ್ನನಂತೂ ಕುದುರೆಯ ಮೇವು ಕಳುವಾಗದಂತೆ ಕಾಯುವುದು ಒಡೆಯನ ಉಗ್ರಾಣವನ್ನು ಕಾಯುವಷ್ಟೇ ಅಗತ್ಯವೆಂದು ಭಾವಿಸಿದವನು.

ಆದರೆ ಕದಿಯುವವನಿಗಿಂತ ನಿಷ್ಠಾವಂತನಿಂದ ಸತ್ತ ಕುದುರೆಗಳೇ ಹೆಚ್ಚೆಂದು ನನಗೆ ತೋರುತ್ತದೆ. ಕದ್ದವನ ಕುದುರೆ ಬಡಕಲಾಗುತ್ತದೆ. ಬಡಕಲಾದದ್ದು ಕಣ್ಣಿಗೆ ಕಾಣುತ್ತದೆ, ತಿಂಗಳಲ್ಲಿ ಸರಿಪಡಿಸಬಹುದು. ನಿಷ್ಠಾವಂತನು ಒಡೆಯ ಹಾಕುತ್ತಿದ್ದ ಅಳತೆಯಲ್ಲಿ ಒಂದು ಹಿಡಿ ಕಡಿಮೆ ಮಾಡಲೂ ಒಪ್ಪುವುದಿಲ್ಲ. ಹೊತ್ತು ಹೊತ್ತಿಗೆ ಪೂರ್ಣ ದಾಣಿ ಹಾಕುತ್ತಾನೆ. ಆದರೆ ಒಡೆಯನಂತೆ ಹತ್ತಿ ಓಡಿಸುವ ಧೈರ್ಯ ಅವನಿಗಿಲ್ಲ. ಆದ್ದರಿಂದ ಅಗಾಡಿ ಪಿಛಾಡಿ ಬಿಗಿದು ನಿಲ್ಲಿಸಿಬಿಡುತ್ತಾನೆ. ದುಡಿಮೆ ನಿಂತಿತು, ದಾಣಿ ನಿಲ್ಲಲಿಲ್ಲ.

ಯುರೋಪಿನಲ್ಲಿ ಭಾರದ ಗಾಡಿಗಳನ್ನು ಎಳೆಯುವ ಕುದುರೆಗಳಿಗೆ ಹೀಗೆ ಬರುತ್ತಿದ್ದ ಒಂದು ಬೇನೆಗೆ ಸೋಮವಾರದ ಬೇನೆ ಎಂದೇ ಹೆಸರು. ಆರು ದಿನ ದುಡಿದ ಕುದುರೆ ರವಿವಾರ ಪೂರ್ಣ ದಾಣಿ ತಿಂದು ನಿಂತಿರುತ್ತಿತ್ತು. ಸೋಮವಾರ ಬೆಳಿಗ್ಗೆ ಗಾಡಿಗೆ ಹೂಡಿದರೆ ಕೆಲವೇ ನಿಮಿಷಗಳಲ್ಲಿ ಬೆವೆತು, ಸೊಂಟ ತೊಡೆಗಳ ಸ್ನಾಯುಗಳು ಕಲ್ಲಿನಂತೆ ಬಿಗಿದು, ನಿಂತಲ್ಲೇ ನಿಂತುಬಿಡುತ್ತಿತ್ತು. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಸ್ನಾಯುಗಳು ಒಡೆದು ಅವುಗಳ ಬಣ್ಣ ರಕ್ತದ ಮೂಲಕ ಮೂತ್ರಪಿಂಡಕ್ಕೆ ಹೋಗುವುದೇ ಅದರ ಕಾರಣ. ಕೆಲವು ಕುದುರೆಗಳಲ್ಲಿ ವಂಶದಿಂದ ಬಂದ ಸ್ನಾಯುದೋಷವೂ ಇದರ ಹಿಂದೆ ಇರುತ್ತದೆಂದು ಈಗ ತಿಳಿದಿದೆ. ಏನೇ ಇರಲಿ, ವಿಶ್ರಾಂತಿಯ ದಿನಗಳ ಪೂರ್ಣ ದಾಣಿಯೂ ಅದರ ಮರುದಿನದ ದುಡಿಮೆಯೂ ಸೇರಿದಾಗ ಈ ಬೇನೆ ಎದ್ದುನಿಲ್ಲುತ್ತದೆ. ಆಗ ನಮ್ಮ ಜನ ಮಾಡುವುದೇನು? ಕಾಲು ಬಿಗಿದಿವೆ, ನಾಲ್ಕು ಹೆಜ್ಜೆ ನಡೆಸಿದರೆ ಬಿಟ್ಟಾವು ಎಂದು ಚಾವಟಿ ಎತ್ತುತ್ತಾರೆ. ಒಂದೊಂದು ಹೆಜ್ಜೆಗೂ ಸ್ನಾಯು ಇನ್ನಷ್ಟು ಒಡೆಯುತ್ತದೆ. ಹೀಗಾದ ಕುದುರೆಯನ್ನು ಕದಲಿಸಬಾರದು. ನಿಂತ ಸ್ಥಳದಲ್ಲೇ ನೆರಳು ಮಾಡಿ, ನೀರಿಟ್ಟು, ಪಶುವೈದ್ಯರನ್ನು ಅಲ್ಲಿಗೇ ಕರೆತರಬೇಕು. ಉಳಿದುದೆಲ್ಲವನ್ನು ಮರೆತರೂ ಈ ಒಂದು ಮಾತನ್ನು ಕೇಳುಗರು ಮರೆಯಬಾರದೆಂದು ನನ್ನ ಬೇಡಿಕೆ.

ಕುದುರೆಯ ಒಡಲಿನ ರಚನೆಯನ್ನು ಸ್ವಲ್ಪ ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಎತ್ತಿನಂತೆ ಅದಕ್ಕೆ ನಾಲ್ಕು ಕೋಣೆಗಳ ಹೊಟ್ಟೆಯಿಲ್ಲ, ಮೆಲುಕು ಇಲ್ಲ. ದೊಡ್ಡ ಕುದುರೆಯ ಜಠರ ಕೂಡ ಎಂಟರಿಂದ ಹದಿನೈದು ಲೀಟರು ಹಿಡಿಯುವಷ್ಟೇ. ತಿಂದದ್ದನ್ನು ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಬಯಲಿನಲ್ಲಿ ಬಿಟ್ಟರೆ ಅದು ದಿನದ ಹದಿನಾರು ಗಂಟೆಗಳ ಸುಮಾರು ಮೇಯುತ್ತಲೇ ಇರುತ್ತದೆ, ಸ್ವಲ್ಪ ಸ್ವಲ್ಪವಾಗಿ. ನಾರಿನ ಮೇವು ಪಚನವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೈಯಲ್ಲಿ. ಕಾಳಿನ ಪಿಷ್ಟ ಒಮ್ಮೆಲೇ ಹೆಚ್ಚಾಗಿ ಬಿದ್ದರೆ ಸಣ್ಣ ಕರುಳು ಅದನ್ನು ಮುಗಿಸಲಾರದೆ ಹಿಂದಕ್ಕೆ ನೂಕುತ್ತದೆ. ಅಲ್ಲಿ ಅದು ಹುಳಿಯುತ್ತದೆ, ವಾಯು ಕಟ್ಟುತ್ತದೆ. ಹೊಟ್ಟೆಶೂಲೆ ಅದರ ಒಂದು ಫಲ. ಗೊರಸಿನ ಒಳಗಿನ ಪದರಕ್ಕೆ ಉರಿ ಹತ್ತಿ ಕುದುರೆ ಮುಂಗಾಲೂರಲಾರದೆ ಹಿಂದಕ್ಕೆ ವಾಲಿ ನಿಲ್ಲುವುದು ಇನ್ನೊಂದು. ಹೊಟ್ಟೆಯ ತಪ್ಪಿಗೆ ಗೊರಸು ದಂಡ ತೆರುತ್ತದೆ.

ಆದ್ದರಿಂದ ಒಡೆಯನು ಹೊರಡುವ ಹಿಂದಿನ ದಿನವೇ ಕಾಳನ್ನು ಇಳಿಸಬೇಕು. ಮುನ್ನೂರು ಕಿಲೋ ತೂಕದ ನಮ್ಮ ಕಡೆಯ ಕುದುರೆಯೊಂದನ್ನು ಎಣಿಸಿಕೊಳ್ಳೋಣ. ದುಡಿಯುವ ದಿನಗಳಲ್ಲಿ ಅದು ಐದು ಕಿಲೋ ಒಣಮೇವು, ಎರಡು ಕಿಲೋ ದಾಣಿ ತಿನ್ನುತ್ತಿದ್ದರೆ, ನಿಲ್ಲುವ ಹಿಂದಿನ ಸಂಜೆ ದಾಣಿಯನ್ನು ಅರ್ಧಕ್ಕೆ ತರಬೇಕು; ಮೂರನೆಯ ದಿನಕ್ಕೆ ಅರ್ಧ ಕಿಲೋ ಸಾಕು, ಮೈದುಂಬಿದ ಕುದುರೆಯಾದರೆ ಅದೂ ಬೇಡ. ಮೇವನ್ನು ಮಾತ್ರ ಇಳಿಸಬಾರದು. ಆರು ಕಿಲೋದವರೆಗೆ ಏರಿಸಿ, ಎರಡು ಹೊತ್ತಿನ ಬದಲು ನಾಲ್ಕು ಹೊತ್ತಿಗೆ ಹಂಚಿ ಹಾಕಬೇಕು. ಮೈತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಒಣಮೇವು ಕಡಿಮೆಯಾಗಬಾರದೆಂಬುದು ಎಲ್ಲ ಕಡೆಯೂ ಒಪ್ಪಿದ ಲೆಕ್ಕ. ನೀರು ದಿನಕ್ಕೆ ಹದಿನೈದು ಇಪ್ಪತ್ತು ಲೀಟರು, ರಾಮದುರ್ಗದ ಬೇಸಗೆಯಲ್ಲಿ ಅದರ ಇಮ್ಮಡಿ. ದಾಣಿಗೆ ಮುಂಚೆ ನೀರು, ಹತ್ತಿರ ಒಂದು ಉಪ್ಪಿನ ಹರಳು. ಇದೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಲಾಯದ ಕಂಬಕ್ಕೆ ಅಂಟಿಸಿ ಹೋಗುವುದು ಮೇಲು. “ಒಂದು ಡಬ್ಬಿ” ಎಂದು ಬರೆಯಬಾರದು, ತೂಕ ಬರೆಯಬೇಕು. ಡಬ್ಬಿ ಒಡೆದರೆ ಇನ್ನೊಂದು ಡಬ್ಬಿ ಬರುತ್ತದೆ, ಅದು ಅದೇ ಅಳತೆಯದಾಗಿರುವುದಿಲ್ಲ.

ಹುರುಳಿಯ ಮಾತು ಬೇರೆಯಾಗಿಯೇ ಹೇಳಬೇಕಾದದ್ದು. ಇಂಗ್ಲಿಷರು ಇದಕ್ಕೆ ಕುದುರೆಕಾಳು ಎಂದೇ ಹೆಸರಿಟ್ಟರು. ನೂರಕ್ಕೆ ಇಪ್ಪತ್ತರ ಮೇಲೆ ಸಸಾರಜನಕವಿರುವ ಇದು ಬಡ ನೆಲದಲ್ಲೂ ಬೆಳೆಯುತ್ತದೆ. ಹಸಿ ಹುರುಳಿಯಲ್ಲಿ ಪಚನಕ್ಕೆ ಅಡ್ಡಬರುವ ಒಂದು ವಸ್ತುವಿದೆ. ಬೇಯಿಸಿದರೆ ಅದು ನಾಶವಾಗುತ್ತದೆ. ನಮ್ಮ ಹಿರಿಯರು ರಸಾಯನವನ್ನು ಓದದೆಯೇ ಬೇಯಿಸುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಒಣಕಾಳನ್ನು ಹಾಗೆಯೇ ತೋಬರೆಗೆ ತುಂಬಿ ಕಟ್ಟಿದರೆ ಹೊಟ್ಟೆಯಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಯಿಸಿದ್ದನ್ನು ನಿನ್ನೆಯದೆಂದು ಇವತ್ತು ಹಾಕಿದರೆ ಹುಳಿದಿರುತ್ತದೆ. ಅರ್ಧ ಕಿಲೋ ಹುರುಳಿಗಾಗಿ ದಿನವೂ ಒಲೆ ಹೊತ್ತಿಸುವ ತಾಳ್ಮೆ ಕಾಯುವವನಿಗಿಲ್ಲವೆಂದು ತೋರಿದರೆ ಆ ಹದಿನೈದು ದಿನ ಹುರುಳಿಯನ್ನೇ ಬಿಟ್ಟುಬಿಡುವುದು ಲೇಸು.

ಅಶ್ವಗಳನ್ನು ಕೊಳ್ಳಲು ಬಲ್ಲವರು ಸಾಕಲು ಅರಿಯದೆ ಹೋದ ಕಥೆ ದಕ್ಷಿಣಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಗಟ್ಟಲೆ ಅರಬ್ಬೀ ಕುದುರೆ ಕೊಳ್ಳುತ್ತಿದ್ದರೂ ವರ್ಷದ ಕೊನೆಗೆ ಕೆಲವೇ ಉಳಿಯುತ್ತಿದ್ದುವೆಂದೂ, ಅವಕ್ಕೆ ಮಾಂಸ ಬೆರೆಸಿದ ಅನ್ನವನ್ನು ತಿನ್ನಿಸುತ್ತಿದ್ದರೆಂದೂ ಬರೆದಿದ್ದಾನೆ. ಕನ್ನಡದಲ್ಲಿ ಅಭಿನವಚಂದ್ರ ಅಶ್ವಶಾಸ್ತ್ರವನ್ನು ಬರೆದದ್ದು ಇದಾದ ಸುಮಾರು ನೂರು ವರ್ಷಗಳ ಮೇಲೆ. ಕುದುರೆಯ ವೈದ್ಯ ನಮ್ಮ ಕವಿಗೆ ತಕ್ಕ ವಸ್ತುವೆನಿಸಿತ್ತು. ಇಂದಿನ ಪಠ್ಯಪುಸ್ತಕಗಳಲ್ಲಿ ಅಂಥ ಗ್ರಂಥಗಳಿಗೆ ಒಂದು ಸಾಲಿನ ಜಾಗ ಸಿಕ್ಕುವುದೂ ಕಷ್ಟ.

ಸ್ಥಳ ಬದಲಾದರೆ ಮೇವೂ ಬದಲಾಗುತ್ತದೆಂಬುದನ್ನು ಹಲವರು ಎಣಿಸುವುದಿಲ್ಲ. ಕಿತ್ತೂರು ಮಲೆನಾಡಿನ ಅಂಚು. ಅಲ್ಲಿ ಮಳೆ ಹೆಚ್ಚು, ಭತ್ತದ ಹುಲ್ಲು ಸಿಗುತ್ತದೆ. ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಕಣಿಕೆ. 1948ರವರೆಗೆ ಸಂಸ್ಥಾನವಾಗಿದ್ದ ರಾಮದುರ್ಗದ ಸುತ್ತ ಕಲ್ಲುಗುಡ್ಡಗಳ ಒಣ ಹುಲ್ಲು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಾದ ಮೇಲೆ ಕಾಲುವೆಯ ಬದಿಯಲ್ಲಿ ಹಸಿಮೇವೂ ಕಬ್ಬಿನ ಗರಿಯೂ ಬಂದವು. ಕಿತ್ತೂರಿನ ಕುದುರೆಯನ್ನು ರಾಮದುರ್ಗದ ಬೀಗರ ಮನೆಯಲ್ಲಿ ಬಿಟ್ಟುಹೋದರೆ ಕರುಳಿನ ಸೂಕ್ಷ್ಮಜೀವಿಗಳಿಗೆ ಹೊಸ ಮೇವಿಗೆ ಒಗ್ಗಲು ಏಳರಿಂದ ಹತ್ತು ದಿನ ಬೇಕು. ಹಳೆಯ ಮೇವಿನ ಒಂದು ಹೊರೆಯನ್ನು ಕುದುರೆಯ ಜೊತೆಯಲ್ಲೇ ಕಳಿಸಿ, ದಿನಕ್ಕೊಂದಿಷ್ಟು ಹೊಸದನ್ನು ಬೆರೆಸುತ್ತ ಬರಬೇಕು. ಎಳೆಯ ಹಸಿ ಜೋಳವನ್ನೂ ಕಟಾವಾದ ಮೇಲೆ ಚಿಗುರಿದ ಜೋಳವನ್ನೂ ಹತ್ತಿರ ಸುಳಿಸಬಾರದು. ಅದರಲ್ಲಿ ವಿಷವಿರುತ್ತದೆಂದು ದನ ಕಾಯುವ ಹುಡುಗನಿಗೂ ಗೊತ್ತು. ಒಣಗಿದ ಕಣಿಕೆಗೆ ಆ ಭಯವಿಲ್ಲ.

ಇನ್ನು ನಡಿಗೆ. ಹತ್ತಲು ಬಾರದವನು ಹತ್ತಬೇಕಾಗಿಲ್ಲ. ಹಗ್ಗ ಹಿಡಿದು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಊರ ಹೊರಗಿನ ಮೆತ್ತನೆಯ ದಾರಿಯಲ್ಲಿ ನಡೆಸಿದರೆ ಸಾಕು. ಬರಿಯ ನಡಿಗೆಯನ್ನು ಹಗುರವಾಗಿ ಕಾಣುವವರು ನಮ್ಮ ಜಿಲ್ಲೆಯ ಅಂಕಲಿಯನ್ನು ನೆನೆಯಬೇಕು. ಅಲ್ಲಿನ ಶಿತೋಳೆ ಸರದಾರರ ಮನೆತನದ ಕುದುರೆಗಳು ಪ್ರತಿವರ್ಷ ಜ್ಞಾನೇಶ್ವರರ ಪಾಲಖಿಗಾಗಿ ಆಳಂದಿಗೆ ನಡೆದೇ ಹೋಗುತ್ತವೆ. ಸುಮಾರು ಮುನ್ನೂರು ಕಿಲೋಮೀಟರು, ಹತ್ತು ಹನ್ನೊಂದು ದಿನದ ದಾರಿ. ಅಲ್ಲಿಂದ ಮುಂದೆ ಪಾಲಖಿಯೊಡನೆ ಪಂಢರಪುರ. ದಾರಿಯ ರಿಂಗಣದಲ್ಲಿ ಅವು ಓಡುವ ಓಟವನ್ನು ಕಂಡವರು ಆ ಹಿಂದಿನ ನಿಧಾನದ ನಡಿಗೆಯನ್ನು ಕಂಡಿರುವುದಿಲ್ಲ.

ಮೈದುಂಬಿದ್ದು ಬೇರೆ, ಕಸುವು ಬೇರೆ. ಬಾಹುಕನ ವೇಷದ ನಳನು ಋತುಪರ್ಣನಿಗಾಗಿ ಆರಿಸಿದ್ದು ಬಡಕಲಾಗಿ ಕಂಡ ಕುದುರೆಗಳನ್ನು; ಅರಸನಿಗೆ ಸಂಶಯವಾಯಿತು, ಸಂಜೆಯೊಳಗೆ ವಿದರ್ಭ ಮುಟ್ಟಿತು. ಅದೇ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ನಳನ ಸ್ವಂತ ಕುದುರೆಗಳು ಅವನಿಲ್ಲದ ವರ್ಷಗಳಲ್ಲೆಲ್ಲ ಮಾವನ ಮನೆಯ ಲಾಯದಲ್ಲಿದ್ದವು. ರಥದ ಸದ್ದು ಕೇಳಿದೊಡನೆ, ಒಡೆಯನೇ ಎದುರಿಗಿರುವಂತೆ ಅವು ಸಂತೋಷಗೊಂಡವೆಂದು ವ್ಯಾಸರು ಹೇಳುತ್ತಾರೆ. ಅಷ್ಟು ವರ್ಷ ಅವನ್ನು ಹುರುಪಿನಿಂದ ಉಳಿಸಿದ ಕುಂಡಿನಪುರದ ಕುದುರೆಗಾರ ಯಾರೋ, ಅವನಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಒಡೆಯನು ಮರಳಿದ ದಿನವೇ ಹೆಚ್ಚಿನ ಅಪಾಯದ ದಿನ. ಮುಂದಿನ ವಾರ ಜಾತ್ರೆಯ ಶರ್ಯತ್ತಿದೆ, ಹದಿನೈದು ದಿನ ಸುಮ್ಮನೆ ನಿಂತಿದೆ ಎಂದು ಅವನು ಆ ಸಂಜೆಯೇ ಪೂರ್ಣ ದಾಣಿ ತಿನ್ನಿಸಿ ಮರುದಿನ ಓಡಿಸಲು ಹೊರಡುತ್ತಾನೆ. ಇಳಿಸುವಾಗ ದಾಣಿ ಮೊದಲು, ದುಡಿಮೆ ಆಮೇಲೆ. ಏರಿಸುವಾಗ ದುಡಿಮೆ ಮೊದಲು, ದಾಣಿ ಆಮೇಲೆ. ಮೊದಲ ಮೂರು ದಿನ ಬರಿಯ ನಡಿಗೆಯನ್ನು ಒಂದು ಗಂಟೆಗೆ ಏರಿಸಬೇಕು, ದಾಣಿಯನ್ನು ಮುಟ್ಟಬಾರದು. ನಾಲ್ಕನೆಯ ದಿನದಿಂದ ಸ್ವಲ್ಪ ಸ್ವಲ್ಪ ಓಟ. ಅದರ ಮರುದಿನದಿಂದ ಕಾಲು ಕಿಲೋದಂತೆ ದಾಣಿ, ಒಂದು ಹೊತ್ತಿಗೆ ಒಂದೂವರೆ ಕಿಲೋ ಮೀರದಂತೆ. ಲದ್ದಿಯನ್ನು ದಿನವೂ ನೋಡಬೇಕು: ದಿನಕ್ಕೆ ಎಂಟು ಹತ್ತು ಸಲ, ಉಂಡೆಯಾಗಿ, ಬಿದ್ದೊಡನೆ ಒಡೆಯುವಂತಿದ್ದರೆ ಒಳಗೆಲ್ಲ ಸರಿಯಿದೆ. ಒಡೆಯನು ಊರಲ್ಲಿಲ್ಲದಾಗ ಲಾಳ ಕಟ್ಟಿಸುವ ದಿನ ತಪ್ಪಿರುತ್ತದೆ. ಆರು ವಾರ ಮೀರಿದ್ದರೆ ಗಾಡಿ ಹೂಡುವ ಮುಂಚೆ ಲಾಳ ಕಟ್ಟುವವನನ್ನು ಕರೆಸಿ, ಬೆಳೆದ ಗೊರಸನ್ನು ಕತ್ತರಿಸಿಯೇ ಮುಂದಿನ ಮಾತು.