ಮೂಸಿ ನದಿಯ ಮಹಾಪೂರ ಕಲಿಸಿದ ಪಾಠ

1908ನೆಯ ಇಸವಿಯ ಸಪ್ಟಂಬರ 28ರಂದು ಹೈದರಾಬಾದು ನಗರದ ಮಧ್ಯದಲ್ಲಿ ಹರಿಯುವ ಮೂಸಿ ನದಿಯು ದಂಡೆ ಮೀರಿ ಉಕ್ಕಿ, ಸುಮಾರು 15,000 ಜನರನ್ನು ಆಹುತಿ ತೆಗೆದುಕೊಂಡಿತು. ಅಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳೂ ಅದೇ ನಿಜಾಮ ಸಂಸ್ಥಾನಕ್ಕೆ ಸೇರಿದ್ದುದರಿಂದ ಆ ದುರಂತವು ಕನ್ನಡಿಗರಿಗೆ ಪರಕೀಯವಾದುದಲ್ಲ. ಅಫ್ಜಲಗಂಜಿನ ಆಸ್ಪತ್ರೆಯ ಬಳಿಯ ಹುಣಿಸೆಮರವೊಂದನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಅಲ್ಲಿನವರು ಈಗಲೂ ಸ್ಮರಿಸುತ್ತಾರೆ.

ಪೂರ ಇಳಿದ ಬಳಿಕ ಒಡೆದ ಗೋಡೆಗಳನ್ನು ಪುನಃ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಸಂಸ್ಥಾನದ ಸರಕಾರವು 1909ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಅವರು ನಗರದ ದಂಡೆಯನ್ನಷ್ಟೇ ನೋಡದೆ ನದಿಯ ಇಡೀ ಜಲಾನಯನ ಪ್ರದೇಶವನ್ನು ಪರಿಶೀಲಿಸಿದರು. ಅಲ್ಲಿ ನೂರಾರು ಸಣ್ಣ ಕೆರೆಗಳಿದ್ದವು. ಅತಿವೃಷ್ಟಿಗೆ ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ. ಹೀಗೆ ಮಳೆಯ ನೀರಿಗೆ ಕೆರೆಗಳ ನೀರೂ ಕೂಡಿ ನಗರದ ಮೇಲೆ ಎರಗಿತ್ತು. ಆದ್ದರಿಂದ ನಗರದ ರಕ್ಷಣೆಯು ನಗರದ ಹೊರಗೇ ಆಗತಕ್ಕದ್ದೆಂದು ನಿರ್ಣಯಿಸಿ, ಮೇಲ್ಭಾಗದಲ್ಲಿ ದೊಡ್ಡ ಜಲಾಶಯಗಳನ್ನು ಕಟ್ಟಲು ಅವರು ಸಲಹೆಯಿತ್ತರು. ಅದರಂತೆ ಮೂಸಿಗೆ ಉಸ್ಮಾನ್ ಸಾಗರವು 1920ರಲ್ಲಿಯೂ ಅದರ ಉಪನದಿ ಈಸಿಗೆ ಹಿಮಾಯತ್ ಸಾಗರವು 1927ರಲ್ಲಿಯೂ ಸಿದ್ಧವಾದವು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಪೂರವನ್ನು ತಡೆಯುವುದು ಜಲಾಶಯದಲ್ಲಿ ತುಂಬಿರುವ ನೀರಲ್ಲ, ತುಂಬದೆ ಬಿಟ್ಟ ಬರಿದಾದ ಜಾಗ. ಮಳೆ ಬಾರದ ವರ್ಷಗಳಲ್ಲಿ ಆ ಜಾಗವು ವ್ಯರ್ಥವೆಂದೇ ತೋರುತ್ತದೆ. ಕುಡಿಯುವ ನೀರಿಗೆ ಅದನ್ನು ತುಂಬಿಡಬೇಕೆಂಬ ಆಸೆಯೂ, ಸುತ್ತಲಿನ ನೆಲದಲ್ಲಿ ಮನೆ ಕಟ್ಟಬೇಕೆಂಬ ಆಸೆಯೂ ಅಸಹಜವಲ್ಲ. ಪೂರವನ್ನು ಕಂಡ ತಲೆಮಾರು ಕಣ್ಮರೆಯಾದ ಮೇಲೆ ಆ ಆಸೆಗಳಿಗೆ ತಡೆ ಹಾಕುವುದು ಲಿಖಿತ ನಿಯಮವೊಂದೇ. 1996ರಲ್ಲಿ ಅಂಥ ನಿಯಮವು ಬಂದು, ಎರಡೂ ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ನಿರ್ಮಾಣಗಳಿಗೆ ಕಟ್ಟುನಿಟ್ಟು ವಿಧಿಸಿತು.

2020ರ ಅಕ್ಟೋಬರ ತಿಂಗಳಲ್ಲಿ ಮಳೆಯು ನಗರದ ಮೇಲೆಯೇ ಸುರಿಯಿತು. ಮೇಲ್ಭಾಗದ ಜಲಾಶಯಗಳು ಅಂಥ ನೀರನ್ನು ತಡೆಯಲಾರವು. ನಗರದೊಳಗಿನ ಕೆರೆಗಳು ಒಡೆದು, ಕೆರೆಯಂಗಳ ಹಾಗೂ ಕಾಲುವೆಗಳನ್ನು ಒತ್ತಿ ಎದ್ದ ಬಡಾವಣೆಗಳಿಗೆ ನುಗ್ಗಿದವು. ಅನೇಕರು ಪ್ರಾಣ ಕಳೆದುಕೊಂಡರು. ವಿಶ್ವೇಶ್ವರಯ್ಯನವರು ಬಯಲಿನಲ್ಲಿ ಕಂಡಿದ್ದುದೇ ಈಗ ಬೀದಿಗಳಲ್ಲಿ ನಡೆದಿತ್ತು. ಇಷ್ಟಾಗಿ ಎರಡು ವರ್ಷ ತುಂಬುವ ಮೊದಲೇ, 2022ರ ಏಪ್ರಿಲ್‌ನಲ್ಲಿ, 1996ರ ಆ ನಿರ್ಬಂಧಗಳನ್ನು ಸಡಿಲಿಸುವ ಆದೇಶವು ಹೊರಟಿತು.