ದೇಶದ ತಂಡ ಬಿಟ್ಟು ಕ್ಲಬ್ಬಿಗೆ ಮಾತ್ರ ಆಡಬಹುದೇ?

(ಪ್ರಶ್ನೆ: ಓದುಗರೊಬ್ಬರು, ವಿ.ಸಿ. ಫಾರಂ, ಮಂಡ್ಯ)

ಫುಟ್‌ಬಾಲ್ ಆಟಗಾರನಿಗೆ ಸಂಬಳ ಕೊಡುವುದು ಕ್ಲಬ್. ದೇಶದ ತಂಡ ಅವನನ್ನು ಕೆಲವು ದಿನಗಳ ಮಟ್ಟಿಗೆ ಕರೆಸಿಕೊಳ್ಳುತ್ತದೆ. ಫಿಫಾ ಗೊತ್ತುಮಾಡಿದ ಅಂತರರಾಷ್ಟ್ರೀಯ ದಿನಗಳಲ್ಲಿ ಕ್ಲಬ್ ಅವನನ್ನು ಬಿಟ್ಟುಕೊಡಲೇಬೇಕು. ಕರೆದರೂ ಹೋಗದವನು ಆ ಅವಧಿಯಲ್ಲಿ ಮತ್ತು ಅನಂತರದ 5 ದಿನ ಕ್ಲಬ್ಬಿಗೂ ಆಡುವಂತಿಲ್ಲ. ಆದ್ದರಿಂದ ಕ್ಲಬ್ಬೇ ಸಾಕೆನ್ನುವವರು ದೇಶದ ತಂಡದಿಂದ ನಿವೃತ್ತಿ ಪಡೆಯುವುದು ರೂಢಿ. ಇಂಗ್ಲೆಂಡಿನ ಪಾಲ್ ಸ್ಕೋಲ್ಸ್ 2004ರಲ್ಲಿ, ಮೂವತ್ತು ತುಂಬುವ ಮೊದಲೇ, ಹೀಗೆ ಮಾಡಿದರು; ಮ್ಯಾಂಚೆಸ್ಟರ್ ಯುನೈಟೆಡ್ ಪರ ನಡುವೆ ಸ್ವಲ್ಪ ಕಾಲ ಬಿಟ್ಟು 2013ರವರೆಗೂ ಆಡಿದರು.

ನಮ್ಮಲ್ಲಿ ಹತ್ತಿರದ ಉದಾಹರಣೆ ಬೆಂಗಳೂರು ಎಫ್‌ಸಿಯ ಸುನಿಲ್ ಛೆತ್ರಿ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅವರು ಭಾರತ ತಂಡಕ್ಕೆ ವಿದಾಯ ಹೇಳಿದರು, ಕ್ಲಬ್ಬನ್ನು ಬಿಡಲಿಲ್ಲ. ಇದನ್ನು ದೇಶದ ಮೇಲಿನ ಅನಾದರ ಎನ್ನಲಾಗದು. ಆಗಲೇ ಅವರಿಗೆ 39 ವರ್ಷ. ಮೇಲಾಗಿ 2025ರ ಮಾರ್ಚ್‌ನಲ್ಲಿ ಮರಳಿ ಬಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಗೋಲನ್ನೂ ಹೊಡೆದರು.

ಭಾರತದಲ್ಲಿ ಜಗ್ಗಾಟ ಹೆಚ್ಚಾಗಿ ಆಟಗಾರನ ಮನಸ್ಸಿನಲ್ಲಲ್ಲ, ಕ್ಲಬ್ಬು ಮತ್ತು ದೇಶದ ತಂಡವನ್ನು ನಡೆಸುವ ಫೆಡರೇಷನ್ ನಡುವೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫಿಫಾ ದಿನಗಳ ಹೊರಗಿತ್ತು, ಅದೇ ಹೊತ್ತಿಗೆ, ಸೆಪ್ಟೆಂಬರ್ 21ಕ್ಕೆ, ಕ್ಲಬ್ಬುಗಳ ಲೀಗ್ ಐಎಸ್ಎಲ್ ಶುರುವಾಗಲಿತ್ತು. ನಿಯಮದ ಒತ್ತಾಯವಿಲ್ಲದ ಕ್ಲಬ್ಬುಗಳು ಪ್ರಮುಖ ಆಟಗಾರರನ್ನು ಕಳಿಸಲು ಹಿಂಜರಿದವು. ಅಂತೂ ಹೋದ ತಂಡ ಮೊದಲ ಪಂದ್ಯದಲ್ಲೇ ಚೀನಾಕ್ಕೆ 1–5ರಿಂದ ಸೋತಿತು. ಅದರಲ್ಲಿದ್ದ ಛೆತ್ರಿ ಬಾಂಗ್ಲಾದೇಶದ ವಿರುದ್ಧ ಪೆನಾಲ್ಟಿಯಲ್ಲಿ ಏಕೈಕ ಗೋಲು ಹೊಡೆದು ಗೆಲ್ಲಿಸಿದರು. ಹದಿನಾರರ ಘಟ್ಟದಲ್ಲಿ ಸೌದಿ ಅರೇಬಿಯಾ ಎದುರು ತಂಡ ಹೊರಬಿತ್ತು.