ಮಗುವಿನ ಪಾದ ಒಳಕ್ಕೆ ತಿರುಗಿದ್ಯಾ? ದೊಡ್ಡ ಆಪರೇಷನ್ ಬೇಡ, ಆದ್ರೆ ರಾತ್ರಿ ಬೂಟು ಬಿಡಬೇಡಿ

ಮೂಡಿಗೆರೆ: ಮಗು ಹುಟ್ಟಿದ ಕೂಡಲೇ ಮನೆಯವರು ಮೊದಲು ಕೇಳೋದು ಗಂಡೋ ಹೆಣ್ಣೋ ಅಂತ. ಆಮೇಲೆ ತೂಕ ಎಷ್ಟು, ಬಣ್ಣ ಯಾರ ಥರ ಅಂತ. ಬಟ್ಟೆ ಸುತ್ತಿ ಕೈಗೆ ಕೊಟ್ಟ ಮಗುವಿನ ಪಾದ ಬಿಚ್ಚಿ ನೋಡುವವರು ಕಡಿಮೆ. ನೋಡಿದಾಗ ಪಾದ ಒಳಗಡೆಗೆ ತಿರುಗಿ, ಹಿಮ್ಮಡಿ ಮೇಲಕ್ಕೆ ಎದ್ದು, ಅಂಗಾಲು ಪಕ್ಕಕ್ಕೆ ಮುಖ ಮಾಡಿದ್ದರೆ ಮನೆಯೇ ತಣ್ಣಗಾಗಿ ಬಿಡುತ್ತೆ. ಇದಕ್ಕೆ ಕ್ಲಬ್ ಫುಟ್ ಅಂತಾರೆ. ನಮ್ಮ ಕಡೆ ಸೊಟ್ಟ ಪಾದ, ವಕ್ರಪಾದ ಅಂತ ಕರೆಯೋದುಂಟು.

ಮೊದಲೇ ಹೇಳಿಬಿಡಬೇಕಾದ ಮಾತು ಒಂದಿದೆ. ಇದು ವಾಸಿಯಾಗುತ್ತೆ. ಹುಟ್ಟಿದ ಒಂದೆರಡು ವಾರದಲ್ಲೇ ಚಿಕಿತ್ಸೆ ಶುರು ಮಾಡಿದ್ರೆ ಬಹುತೇಕ ಮಕ್ಕಳು ಎಲ್ಲರ ಹಾಗೆ ನಡೀತಾರೆ, ಓಡ್ತಾರೆ, ಚಪ್ಪಲಿ ಹಾಕ್ಕೊಂಡು ಶಾಲೆಗೆ ಹೋಗ್ತಾರೆ. ಹಾಗೇ ಬಿಟ್ಟರೆ ಮಗು ಪಾದದ ಹೊರ ಅಂಚಿನ ಮೇಲೆ, ಕೆಲವೊಮ್ಮೆ ಪಾದದ ಮೇಲ್ಭಾಗದ ಮೇಲೇ ನಡೆಯೋಕೆ ಶುರು ಮಾಡುತ್ತೆ. ಅಲ್ಲಿ ಚರ್ಮ ದಪ್ಪ ಆಗಿ ಆಣಿ ಬರುತ್ತೆ, ನೋವು ಕೂರುತ್ತೆ. ಇಳಿಜಾರಿನ ತೋಟದಲ್ಲಿ ಬುಟ್ಟಿ ಹೊತ್ತು ಬದುಕಬೇಕಾದ ಊರಲ್ಲಿ ಆ ಕಾಲು ಇಡೀ ಜೀವನದ ಲೆಕ್ಕಾಚಾರವನ್ನೇ ಬದಲಾಯಿಸುತ್ತೆ.

ಎಷ್ಟು ಮಕ್ಕಳಿಗೆ ಬರುತ್ತೆ?

ಸಾವಿರ ಮಕ್ಕಳು ಹುಟ್ಟಿದರೆ ಸುಮಾರು ಒಂದು ಮಗುವಿಗೆ ಕ್ಲಬ್ ಫುಟ್ ಇರುತ್ತೆ ಅನ್ನೋದು ಸಾಮಾನ್ಯ ಲೆಕ್ಕ. 2011ರ ಜನಗಣತಿ ಪ್ರಕಾರ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11 ಲಕ್ಷದ 37 ಸಾವಿರ ಚಿಲ್ಲರೆ. ಸಾವಿರ ಜನಕ್ಕೆ ವರ್ಷಕ್ಕೆ 12 ಹೆರಿಗೆ ಅಂತ ಕೈಬೆರಳಲ್ಲಿ ಲೆಕ್ಕ ಹಾಕಿದರೂ 13 ಸಾವಿರ ಮಕ್ಕಳಾಯ್ತು. ಅಂದ್ರೆ ಪ್ರತಿ ವರ್ಷ ಜಿಲ್ಲೆಯಲ್ಲಿ ಹತ್ತರಿಂದ ಹದಿನೈದು ಮಕ್ಕಳು. ಒಂದೊಂದು ಮಗುವಿನ ಚಿಕಿತ್ಸೆ ನಾಲ್ಕೈದು ವರ್ಷ ನಡೆಯೋದ್ರಿಂದ, ಯಾವ ಹೊತ್ತಲ್ಲಿ ನೋಡಿದ್ರೂ ಜಿಲ್ಲೆಯ ಐವತ್ತಕ್ಕಿಂತ ಹೆಚ್ಚು ಮನೆಗಳಿಗೆ ಇದು ಬೇಕಾದ ವಿಷಯ.

ಹೆಣ್ಣು ಮಕ್ಕಳಿಗಿಂತ ಗಂಡು ಮಕ್ಕಳಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ. ಹೆಚ್ಚು ಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಕ್ಕೆ ಇರುತ್ತೆ.

ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ

"ಗ್ರಹಣದ ದಿನ ಹೊರಗೆ ಬಂದಿದ್ಲು", "ಬಸುರಿ ಇದ್ದಾಗ ಏನೋ ಕತ್ತರಿಸಿದ್ಲು" ಅನ್ನೋ ಮಾತು ನಮ್ಮ ಕಡೆ ಇನ್ನೂ ಇದೆ. ಬಾಣಂತಿ ಮೂಲೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳಬೇಕು. ಇದರಲ್ಲಿ ಒಂದೂ ನಿಜ ಅಲ್ಲ. ಕ್ಲಬ್ ಫುಟ್ ಬರೋದಕ್ಕೆ ಇದೇ ಕಾರಣ ಅಂತ ಒಂದನ್ನ ಬೊಟ್ಟು ಮಾಡಿ ತೋರಿಸೋಕಾಗಲ್ಲ. ವಂಶವಾಹಿಯ ಪಾತ್ರ ಇದೆ, ಹಾಗಾಗಿ ಮನೆಯಲ್ಲಿ ಯಾರಿಗಾದ್ರೂ ಇದ್ದರೆ ಮುಂದಿನ ಮಗುವಿಗೆ ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ. ಗರ್ಭಿಣಿ ಬೀಡಿ ಸಿಗರೇಟು ಸೇದಿದ್ರೂ ಅಪಾಯ ಹೆಚ್ಚುತ್ತೆ. ಆದ್ರೆ ಬಹಳಷ್ಟು ಮಕ್ಕಳು ಹಿಂದೆ ಯಾರಿಗೂ ಇಲ್ಲದ ಮನೆಯಲ್ಲೇ ಹುಟ್ತಾರೆ. ತಾಯಿ ಏನೋ ತಪ್ಪು ಮಾಡಿದ್ದಕ್ಕೆ ಬಂದಿದ್ದಲ್ಲ.

ಐದನೇ ತಿಂಗಳ ಹೊತ್ತಿಗೆ ಮಾಡೋ ಸ್ಕ್ಯಾನಿಂಗ್‌ನಲ್ಲಿ ಕೆಲವೊಮ್ಮೆ ಮೊದಲೇ ಗೊತ್ತಾಗುತ್ತೆ. ಗೊತ್ತಾದ್ರೆ ಗಾಬರಿ ಬೇಡ. ಪಾದ ಮಾತ್ರ ತಿರುಗಿದ್ದು ಮಿಕ್ಕಿದ್ದೆಲ್ಲ ಸರಿ ಇದ್ದರೆ, ಹುಟ್ಟಿದ ಮೇಲೆ ಎಲ್ಲಿಗೆ ಕರ್ಕೊಂಡು ಹೋಗಬೇಕು ಅಂತ ವಿಚಾರಿಸಿ ಇಟ್ಟುಕೊಳ್ಳೋಕೆ ಸಮಯ ಸಿಕ್ಕಿತು ಅಂದ್ಕೊಳ್ಳಿ. ಕೆಲವು ಮಕ್ಕಳಲ್ಲಿ ಬೆನ್ನುಹುರಿ ಅಥವಾ ಬೇರೆ ಕೀಲುಗಳ ತೊಂದರೆ ಜೊತೆಗಿರುತ್ತೆ. ಅದಕ್ಕೇ ಡಾಕ್ಟರು ಪಾದ ಅಷ್ಟೇ ಅಲ್ಲ, ಸೊಂಟ, ಬೆನ್ನು ಎಲ್ಲಾ ಪರೀಕ್ಷೆ ಮಾಡ್ತಾರೆ.

ಗರ್ಭದಲ್ಲಿ ಜಾಗ ಸಾಲದೆ ಮಡಿಚಿಕೊಂಡ ಪಾದ ಕೂಡ ಸೊಟ್ಟಗೆ ಕಾಣಬಹುದು. ಅಂಥ ಪಾದ ಬೆರಳಿಂದ ಮೆಲ್ಲಗೆ ಒತ್ತಿದರೆ ಸುಲಭವಾಗಿ ನೇರಕ್ಕೆ ಬರುತ್ತೆ. ನಿಜವಾದ ಕ್ಲಬ್ ಫುಟ್ ಬಿಗಿಯಾಗಿರುತ್ತೆ, ಬರಲ್ಲ. ಯಾವುದು ಅಂತ ಡಾಕ್ಟರೇ ಹೇಳಬೇಕು. ಎಣ್ಣೆ ಹಚ್ಚಿ ನೀವಿದ್ರೆ, ನೀರು ಹಾಕೋ ಅಜ್ಜಿ ದಿನಾ ಎಳೆದ್ರೆ, ಬಿದಿರು ಪಟ್ಟಿ ಕಟ್ಟಿದ್ರೆ ಸರಿ ಹೋಗಲ್ಲ. ಎಳೆ ಮೂಳೆ ಮೆತ್ತಗಿರೋ ಅಮೂಲ್ಯವಾದ ವಾರಗಳು ಅದರಲ್ಲೇ ಕಳೆದು ಹೋಗುತ್ತವೆ.

ವಾಚ್ ರಿಪೇರಿಯವರ ಮಗ ಕಂಡುಹಿಡಿದ ದಾರಿ

ಈಗ ಪ್ರಪಂಚದ ಎಲ್ಲಾ ಕಡೆ ಮಾಡೋ ಚಿಕಿತ್ಸೆಗೆ ಪೊನ್ಸೆಟಿ ವಿಧಾನ ಅಂತ ಹೆಸರು. ಡಾ. ಇಗ್ನೇಶಿಯೊ ಪೊನ್ಸೆಟಿ ಸ್ಪೇನ್ ದೇಶದ ಮಿನೋರ್ಕಾ ದ್ವೀಪದಲ್ಲಿ 1914ರ ಜೂನ್ 3ರಂದು ಹುಟ್ಟಿದವರು. ಅಪ್ಪ ವಾಚ್ ರಿಪೇರಿ ಮಾಡ್ತಿದ್ದರು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಮೂಳೆ ಕೂರಿಸುತ್ತಾ, ಆಮೇಲೆ ದೇಶ ಬಿಟ್ಟು ಮೆಕ್ಸಿಕೊ ಸೇರಿ, ಕೊನೆಗೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕೆ ಬಂದರು. ಪಾದ ಕೊಯ್ದು ಸರಿ ಮಾಡಿಸಿಕೊಂಡ ಮಕ್ಕಳು ದೊಡ್ಡವರಾದ ಮೇಲೆ ಆ ಪಾದ ಗಡುಸಾಗಿ ನೋಯುತ್ತೆ ಅನ್ನೋದನ್ನ ಗಮನಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್ ಹಾಕೋ ಕ್ರಮ ಬೆಳೆಸಿದರು. 1963ರಲ್ಲೇ ಅದರ ಫಲಿತಾಂಶ ಪ್ರಕಟ ಮಾಡಿದ್ರೂ ಮೂವತ್ತು ವರ್ಷ ಹೆಚ್ಚಿನವರು ಕಿವಿಗೆ ಹಾಕ್ಕೊಳ್ಳಲಿಲ್ಲ. 1990ರ ದಶಕದ ಕೊನೆಗೆ ಮಕ್ಕಳ ಅಪ್ಪ ಅಮ್ಮಂದಿರೇ ಇಂಟರ್ನೆಟ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಇದನ್ನ ಹಬ್ಬಿಸಿದರು. ಅವರು ಹುಟ್ಟಿದ ಜೂನ್ 3ನ್ನೇ ಈಗ ವಿಶ್ವ ಕ್ಲಬ್ ಫುಟ್ ದಿನ ಅಂತ ಆಚರಿಸ್ತಾರೆ.

ಚಿಕಿತ್ಸೆ ಹೇಗೆ ನಡೆಯುತ್ತೆ?

ಮೊದಲ ಹಂತ ಪ್ಲಾಸ್ಟರ್. ಡಾಕ್ಟರು ಪಾದವನ್ನ ಸ್ವಲ್ಪ ಹೊತ್ತು ಮೆಲ್ಲಗೆ ತಿರುಗಿಸಿ, ಬೆರಳಿಂದ ತೊಡೆವರೆಗೆ, ಮೊಣಕಾಲು ಮಡಿಚಿ ಪ್ಲಾಸ್ಟರ್ ಹಾಕ್ತಾರೆ. ವಾರಕ್ಕೊಮ್ಮೆ ತೆಗೆದು, ಇನ್ನಷ್ಟು ತಿರುಗಿಸಿ ಹೊಸದು ಹಾಕ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ಸಲ. ಮಗುವಿಗೆ ನೋವಾಗಲ್ಲ, ಆ ಹೊತ್ತಲ್ಲಿ ಹಾಲು ಕುಡಿಸುತ್ತಾ ಇರಬಹುದು.

ಎರಡನೇ ಹಂತ ಹಿಮ್ಮಡಿ ಹಿಂದಿನ ಗಟ್ಟಿ ನರ. ಡಾಕ್ಟರ ಭಾಷೆಯಲ್ಲಿ ಅದು ಸ್ನಾಯುರಜ್ಜು. ಹೆಚ್ಚಿನ ಮಕ್ಕಳಿಗೆ ಅದನ್ನ ಒಂದು ಚಿಕ್ಕ ಗಾಯದಲ್ಲಿ ಬಿಡಿಸಬೇಕಾಗುತ್ತೆ. ಜಾಗಕ್ಕಷ್ಟೇ ಮರಗಟ್ಟಿಸಿ ಮಾಡ್ತಾರೆ, ಹೊಲಿಗೆ ಬೇಕಾಗಲ್ಲ. ಆಮೇಲೆ ಮೂರು ವಾರ ಕೊನೆಯ ಪ್ಲಾಸ್ಟರ್. ಅಷ್ಟರಲ್ಲಿ ನರ ಉದ್ದಕ್ಕೆ ಬೆಳೆದು ಕೂಡಿಕೊಳ್ಳುತ್ತೆ.

ಮೂರನೇ ಹಂತ ಬೂಟು. ಎರಡು ಚಿಕ್ಕ ಬೂಟು, ನಡುವೆ ಒಂದು ಪಟ್ಟಿ, ಪಾದ ಹೊರಗಡೆಗೆ ತಿರುಗಿರೋ ಹಾಗೆ. ಒಂದೇ ಪಾದಕ್ಕೆ ತೊಂದರೆ ಇದ್ದರೂ ಎರಡಕ್ಕೂ ಹಾಕಬೇಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ಮತ್ತು ಹಗಲು ಮಲಗಿದಾಗ ಮಾತ್ರ, ನಾಲ್ಕೈದು ವರ್ಷ ತುಂಬೋವರೆಗೆ.

ಕೈ ಬಿಡೋದು ಇಲ್ಲೇ

ಪ್ಲಾಸ್ಟರ್ ಬಿಚ್ಚಿದಾಗ ಪಾದ ನೆಟ್ಟಗೆ ಕಾಣುತ್ತೆ. "ಸರಿ ಹೋಯ್ತಲ್ಲ, ಪಾಪ ಮಗು ಅಳುತ್ತೆ" ಅಂತ ಬೂಟು ಅಟ್ಟಕ್ಕೆ ಸೇರುತ್ತೆ. ಪಾದ ಮತ್ತೆ ಒಳಕ್ಕೆ ತಿರುಗೋಕೆ ಅತಿ ದೊಡ್ಡ ಕಾರಣ ಇದೇ. ಎಳೆ ಪಾದ ಬೆಳೆಯುತ್ತಾ ಹಳೇ ದಾರಿಗೇ ಎಳೆಯುತ್ತೆ, ಬೂಟು ಅದನ್ನ ತಡೆಯುತ್ತೆ. ಮೊದಲ ಎರಡು ಮೂರು ರಾತ್ರಿ ಮಗು ಅಳೋದು ಸಹಜ, ಆಮೇಲೆ ಅಭ್ಯಾಸ ಆಗುತ್ತೆ. ಎರಡೂ ಕಾಲು ಒಟ್ಟಿಗೆ ಮಡಿಚಿ ಒದೆಯೋಕೆ ಕಲಿಸಿ ಆಟ ಆಡಿಸಿದ್ರೆ ಬೇಗ ಒಗ್ಗುತ್ತೆ. ಅಳ್ತಾನೇ ಇದ್ದರೆ ಬೂಟು ಬಿಸಾಡಬೇಡಿ, ಬಿಚ್ಚಿ ಕೆಂಪಾಗಿದ್ಯಾ, ಬೊಬ್ಬೆ ಬಂದಿದ್ಯಾ ನೋಡಿ ಆಸ್ಪತ್ರೆಗೆ ತೋರಿಸಿ. ಬೆರಳು ಬೂಟಿನ ಅಂಚು ದಾಟಿ ಮಡಿಚಿದ್ರೆ ದೊಡ್ಡ ಸೈಜು ಬೇಕು ಅಂತ ಅರ್ಥ.

ನಮ್ಮ ಮಳೆಗಾಲಕ್ಕೆ ಬೇರೆ ಎಚ್ಚರ ಬೇಕು. ಕಳಸ, ಹೊರನಾಡು, ಕೊಟ್ಟಿಗೆಹಾರದ ಕಡೆ ಜೂನ್‌ನಿಂದ ಬಟ್ಟೆಯೇ ಒಣಗಲ್ಲ. ಪ್ಲಾಸ್ಟರ್ ನೆನೆದ್ರೆ ಮೆತ್ತಗಾಗಿ ಹಿಡಿತ ಹೋಗುತ್ತೆ. ಬಸ್ಸಿಗೆ ಹೊರಡುವಾಗ ಕಾಲಿಗೆ ಪ್ಲಾಸ್ಟಿಕ್ ಸುತ್ತಿ, ಮನೆಗೆ ಬಂದ ಕೂಡಲೇ ತೆಗೀರಿ. ಒಣಗಲಿ ಅಂತ ಒಲೆ ಹತ್ತಿರ, ಹೊಡಸಲಿನ ಬೆಂಕಿ ಹತ್ತಿರ ಹಿಡಿಯಬೇಡಿ. ಬೂಟಿಗೆ ಬೂಷ್ಟು ಹಿಡಿಯದ ಹಾಗೆ ಒಣ ಬಟ್ಟೆಯಲ್ಲಿ ಒರೆಸಿ, ಹತ್ತಿ ಕಾಲುಚೀಲ ಹಾಕಿಯೇ ತೊಡಿಸಿ.

ಇಂಥದ್ದು ಕಂಡರೆ ವಾರ ಕಾಯಬೇಡಿ

ಪ್ಲಾಸ್ಟರ್ ಹಾಕಿದ ಕಾಲಿನ ಬೆರಳು ದಿನಕ್ಕೆ ನಾಲ್ಕೈದು ಸಲ ನೋಡಿ. ಮೆಲ್ಲಗೆ ಒತ್ತಿ ಬಿಟ್ಟರೆ ಬಿಳಚಿಕೊಂಡು ಕೂಡಲೇ ಕೆಂಪಗಾಗಬೇಕು. ಬೆರಳು ನೀಲಿ ಅಥವಾ ಕಪ್ಪಾದ್ರೆ, ತಣ್ಣಗಾದ್ರೆ, ಊದಿದ್ರೆ, ಪ್ಲಾಸ್ಟರ್ ಜಾರಿ ಬೆರಳೇ ಕಾಣದ ಹಾಗಾದ್ರೆ, ಕೆಟ್ಟ ವಾಸನೆ ಬಂದ್ರೆ, ಜ್ವರ ಬಂದ್ರೆ ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ. ಇದ್ಯಾವುದೂ ಇಲ್ಲದಿದ್ರೆ ಹಿಂದಿನ ದಿನವೇ ಮನೆಯಲ್ಲಿ ಪ್ಲಾಸ್ಟರ್ ಬಿಚ್ಚಬೇಡಿ. ಒಂದು ರಾತ್ರಿಯಲ್ಲೇ ಪಾದ ಹಿಂದಕ್ಕೆ ಸರಿಯುತ್ತೆ.

ದುಡ್ಡು ಯಾರು ಕೊಡ್ತಾರೆ?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದ್ರೆ ಆರ್‌ಬಿಎಸ್‌ಕೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನ ತಪಾಸಣೆ ಮಾಡಿ ಉಚಿತ ಚಿಕಿತ್ಸೆಗೆ ಕಳಿಸೋ ಯೋಜನೆ. ಇದರ ಪಟ್ಟಿಯಲ್ಲಿರೋ ಹುಟ್ಟು ನ್ಯೂನತೆಗಳಲ್ಲಿ ಕ್ಲಬ್ ಫುಟ್ ಹೆಸರು ಇದೆ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್, ಡಾಕ್ಟರು ನೋಡಬೇಕು. ಮನೆಗೆ ಬಂದ ಮೇಲೆ ಆರು ವಾರದವರೆಗೆ ಆಶಾ ಕಾರ್ಯಕರ್ತೆ ಭೇಟಿ ಕೊಡುವಾಗ ನೋಡಬೇಕು. ಆಮೇಲೆ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ನೀವು ಆಶಾ ಅಕ್ಕನ ಹತ್ತಿರ, ಇಲ್ಲವೇ ತಾಲ್ಲೂಕು ಆಸ್ಪತ್ರೆಯಲ್ಲಿ "ಆರ್‌ಬಿಎಸ್‌ಕೆ ಡಾಕ್ಟರು ಯಾರು?" ಅಂತ ಕೇಳಿದ್ರೆ ಸಾಕು, ಅವರು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದು ಕೊಡ್ತಾರೆ. ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಎಸ್ಟೇಟ್ ಲೈನ್ ಮನೆಗಳಲ್ಲಿ ಇರೋ ಕುಟುಂಬಗಳಿಗೆ ಭಾಷೆಯೇ ಅಡ್ಡಿ. ಅವರ ಹತ್ತಿರ ಆಯುಷ್ಮಾನ್ ಕಾರ್ಡ್ ಇದ್ದರೆ ಬೇರೆ ರಾಜ್ಯದಲ್ಲೂ ನಡೆಯುತ್ತೆ. ಅಂಗನವಾಡಿ ಬಾಗಿಲು ಅವರ ಮಕ್ಕಳಿಗೂ ತೆರೆದಿದೆ ಅಂತ ಹೇಳಬೇಕಾದವರು ಮೇಸ್ತ್ರಿ, ರೈಟರ್‌ಗಳು.

ಉಚಿತ ಅಂದ್ರೂ ಖರ್ಚಿದೆ

ಚಿಕಿತ್ಸೆ ಉಚಿತ, ಆದ್ರೆ ದಾರಿ ಉಚಿತ ಅಲ್ಲ. ಆರು ಪ್ಲಾಸ್ಟರ್, ನರ ಬಿಡಿಸೋ ದಿನ, ಕೊನೆಗೆ ಬೂಟು ಹಾಕಿಸೋ ದಿನ ಸೇರಿ ಕಡಿಮೆ ಅಂದ್ರೂ ಎಂಟು ಓಡಾಟ, ಎರಡು ತಿಂಗಳಲ್ಲಿ. ಮೂಡಿಗೆರೆಯಿಂದ ಚಿಕ್ಕಮಗಳೂರು 30 ಕಿಲೋಮೀಟರ್, ಹೇಗೋ ಆಗುತ್ತೆ. ಕಳಸದಿಂದ ಹೆಚ್ಚು ಕಡಿಮೆ 90. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅನ್ನೋದು ಸರ್ಕಾರಿ ಬಸ್ಸಿಗೆ ಮಾತ್ರ, ಖಾಸಗಿ ಬಸ್ಸಲ್ಲಿ ದುಡ್ಡು ಕೊಡಲೇಬೇಕು. ಅವತ್ತಿನ ಕೂಲಿ ಹೋಯ್ತು, ಕೊಯ್ಲಿನ ಸಮಯ ಆದ್ರೆ ಗಂಡ ಹೆಂಡತಿ ಇಬ್ಬರ ಕೂಲಿಯೂ ಹೋಯ್ತು. ನಾಲ್ಕನೇ ವಾರಕ್ಕೆ "ಮುಂದಿನ ವಾರ ಹೋದ್ರಾಯ್ತು" ಅನ್ನಿಸೋದು ಇದಕ್ಕೇ. ಅವರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ಇಲ್ಲಿ ಊರಿನವರು ಮಾಡಬಹುದಾದ ಕೆಲಸ ಇದೆ. ತೋಟದ ಮಾಲೀಕರು ಪ್ಲಾಸ್ಟರ್ ದಿನದ ಕೂಲಿ ಕತ್ತರಿಸದೆ ಬಿಡಬಹುದು, ಪೇಟೆಗೆ ಹೋಗೋ ಜೀಪಲ್ಲಿ ಎರಡು ಸೀಟು ಕೊಡಬಹುದು. ಎಂಟೇ ದಿನದ ಮಾತು. ಮೆಡಿಕಲ್ ಶಾಪಿನವರು ಎಣ್ಣೆ, ಪಟ್ಟಿ ಕೇಳಿಕೊಂಡು ಬಂದವರಿಗೆ "ಯಾಕೆ?" ಅಂತ ಒಂದು ಮಾತು ಕೇಳಿ ಆಸ್ಪತ್ರೆಗೆ ಕಳಿಸಬಹುದು. ಚಪ್ಪಲಿ ಅಂಗಡಿಯವರಿಗೆ ಇನ್ನೊಂದು ವಿಷಯ: ವಾಸಿಯಾದ ಪಾದವೂ ಸ್ವಲ್ಪ ಚಿಕ್ಕದಿರುತ್ತೆ, ಮೀನಖಂಡ ಸಣ್ಣ ಇರುತ್ತೆ. ಒಂದೊಂದು ಕಾಲಿಗೆ ಒಂದೊಂದು ಸೈಜು ಕೇಳಿದ ಮಗುವಿನ ಮುಂದೆ ಮುಖ ಸಿಂಡರಿಸದೆ, ಜೋಡಿ ಒಡೆದು ಕೊಟ್ಟರೆ ಅದೇ ದೊಡ್ಡ ಸಹಾಯ. ಹೆಸರಿಡಿದು ಕರೆಯೋ ಬದಲು "ಕುಂಟ" ಅಂತ ಕರೆಯೋದನ್ನ ನಾವೆಲ್ಲ ಬಿಡಬೇಕು.

ತಡ ಆಗಿದ್ರೆ?

ಮಗು ಈಗಾಗ್ಲೇ ನಡೀತಿದೆ, ಶಾಲೆಗೆ ಹೋಗ್ತಿದೆ ಅಂತ ಕೈ ಚೆಲ್ಲಬೇಡಿ. ದೊಡ್ಡ ಮಕ್ಕಳಿಗೂ ಇದೇ ಪ್ಲಾಸ್ಟರ್ ವಿಧಾನದಿಂದ ಬಹಳ ಸುಧಾರಣೆ ಆಗುತ್ತೆ. ಪ್ಲಾಸ್ಟರ್ ಜಾಸ್ತಿ ಬೇಕಾಗಬಹುದು, ಕೆಲವರಿಗೆ ಆಪರೇಷನ್ ಕೂಡ ಬೇಕಾಗಬಹುದು. ಒಮ್ಮೆ ಸರಿ ಹೋಗಿ ಮತ್ತೆ ತಿರುಗಿದ ಪಾದವನ್ನೂ ಮತ್ತೆ ಪ್ಲಾಸ್ಟರ್ ಹಾಕಿ ಸರಿ ಮಾಡ್ತಾರೆ. ಬೈತಾರೆ ಅಂತ ಹೆದರಿ ಮನೆಯಲ್ಲಿ ಕೂರಬೇಡಿ.

1992ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲೆ ಸ್ಕೇಟಿಂಗ್ ಮಾಡಿ ಚಿನ್ನ ಗೆದ್ದ ಅಮೆರಿಕದ ಕ್ರಿಸ್ಟಿ ಯಮಗುಚಿ ಹುಟ್ಟುವಾಗ ಕ್ಲಬ್ ಫುಟ್ ಇತ್ತು. ಅಮೆರಿಕಕ್ಕೆ ಎರಡು ಸಲ ಫುಟ್‌ಬಾಲ್ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಮಿಯಾ ಹ್ಯಾಮ್‌ಗೂ ಇತ್ತು. ನಮ್ಮ ಮಕ್ಕಳು ಒಲಿಂಪಿಕ್ಸ್‌ಗೇ ಹೋಗಬೇಕು ಅಂತಿಲ್ಲ. ಶಾಲೆಯ ಮೈದಾನದಲ್ಲಿ ಓಡಿದ್ರೆ ಸಾಕು.

ನಿಮ್ಮ ಮನೆಯಲ್ಲಿ, ಪಕ್ಕದ ಲೈನಲ್ಲಿ, ಅಂಗಡಿಗೆ ಬರೋರ ಕಂಕುಳಲ್ಲಿ ಇಂಥ ಮಗು ಇದ್ದರೆ ಇವತ್ತೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಬೂಟು ಹಾಕ್ಕೊಳ್ಳೋ ಮಗು ಈಗಾಗ್ಲೇ ಇದ್ದರೆ, ಇವತ್ತು ರಾತ್ರಿ ಮಲಗೋ ಮುಂಚೆ ಹಾಕಿದ್ರಾ ಅಂತ ಆ ಮನೆಯವರನ್ನ ಒಂದು ಸಲ ಕೇಳಿ.